ಬೆಟ್ಟಕ್ಕೆ ಹೊರಡುವ ಮುನ್ನ: ಓದುಗರ ಪ್ರಶ್ನೆ, ನಮ್ಮ ಉತ್ತರ

ದಸರಾ ರಜೆ ಹತ್ತಿರವಾದಂತೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಬೆಟ್ಟ, ಜಲಪಾತ ಮತ್ತು ಚಾರಣ ಕುರಿತವೇ ಹೆಚ್ಚಾಗುತ್ತವೆ. ಈ ಸಲ ಮೈಸೂರು ಮತ್ತು ಮಂಡ್ಯ ಕಡೆಯಿಂದ ಬಂದ ಐದು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಪತ್ರ ಬರೆದವರೆಲ್ಲ ‘ಎಲ್ಲಿಗೆ ಹೋಗೋಣ’ ಎಂದು ಕೇಳಿದ್ದಾರೆ. ನನ್ನ ಉತ್ತರಗಳು ಹೆಚ್ಚಾಗಿ ‘ಯಾವ ಹೊತ್ತಿಗೆ ಹೋಗಬೇಕು’ ಎಂಬುದರ ಕಡೆಗೆ ವಾಲಿದ್ದರೆ ಓದುಗರು ಬೇಸರಿಸಬಾರದು. ನಮ್ಮ ಸೀಮೆಯ ಬೆಟ್ಟಗಳು ಎತ್ತರದಲ್ಲಿ ಸಣ್ಣವು, ಆದರೆ ಹೊತ್ತು ತಪ್ಪಿ ಹೋದವರನ್ನು ಅವು ಸುಮ್ಮನೆ ಬಿಡುವುದಿಲ್ಲ.

ಪ್ರಶ್ನೆ: ಕಳೆದ ಮೇ ತಿಂಗಳಲ್ಲಿ ಬೀದರ್‌ನಿಂದ ಬಂದಿದ್ದ ನಮ್ಮ ಬೀಗರನ್ನು ಶಿವನಸಮುದ್ರಕ್ಕೆ ಕರೆದುಕೊಂಡು ಹೋಗಿದ್ದೆವು. ಗಗನಚುಕ್ಕಿಯಲ್ಲಿ ಕಂಡದ್ದು ಬರೀ ಬಂಡೆ, ಅದರ ನಡುವೆ ಒಂದೆರಡು ಎಳೆ ನೀರು. ಜಿಲ್ಲೆಯ ಹೆಮ್ಮೆ ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಹೋದ ನನಗೆ ಮುಖಭಂಗವಾಯಿತು. ಅಲ್ಲಿ ನಿಜವಾಗಿ ನೀರು ಬೀಳುವುದು ಯಾವಾಗ? ಬೇಸಿಗೆಯಲ್ಲಿ ಯಾರಾದರೂ ನಿಲ್ಲಿಸಿಬಿಡುತ್ತಾರೆಯೇ? (ಓದುಗರು, ಮಂಡ್ಯ)

ಉತ್ತರ: ಬೀಗರನ್ನು ಇನ್ನೊಮ್ಮೆ ಕರೆಸಿಕೊಳ್ಳಿ, ಆದರೆ ಮೇ ತಿಂಗಳಲ್ಲಿ ಬೇಡ. ಶಿವನಸಮುದ್ರದಲ್ಲಿ ಕಾವೇರಿ ಎರಡು ಕವಲಾಗಿ, ಪಶ್ಚಿಮದ ಕವಲು ಗಗನಚುಕ್ಕಿಯಾಗಿಯೂ ಪೂರ್ವದ ಕವಲು ಭರಚುಕ್ಕಿಯಾಗಿಯೂ ಧುಮುಕುತ್ತದೆ. ಆ ಕವಲುಗಳಿಗೆ ಎಷ್ಟು ನೀರು ಬರಬೇಕೆಂಬುದು ಮೇಲಿನ ಎರಡು ಜಲಾಶಯಗಳ ಕೈಯಲ್ಲಿದೆ. ಒಂದು ಕೃಷ್ಣರಾಜಸಾಗರ, ಇನ್ನೊಂದು ಕಬಿನಿ, ಅದರ ನೀರು ತಿರುಮಕೂಡಲು ನರಸೀಪುರದ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಮಂಡ್ಯದವರಾದ ನಾವು ಬೆಳಗಿನ ಪತ್ರಿಕೆ ತೆರೆದ ಕೂಡಲೇ ಕೆಆರ್‌ಎಸ್ ಮಟ್ಟ 124.80 ಅಡಿಗೆ ಇನ್ನೆಷ್ಟು ಬಾಕಿ ಎಂದು ನೋಡಿ, ಅಲ್ಲಿಗೇ ಓದು ಮುಗಿಸುತ್ತೇವೆ. ಜಲಪಾತ ನೋಡಹೊರಟವರು ಅದರ ಕೆಳಗಿನ ಸಾಲನ್ನೂ ಓದಬೇಕು. ಕೆಆರ್‌ಎಸ್‌ನ ಒಟ್ಟು ಸಾಮರ್ಥ್ಯ ಸುಮಾರು 49.45 ಟಿಎಂಸಿ ಆದರೆ ಕಬಿನಿಯದು 19.52 ಟಿಎಂಸಿ ಮಾತ್ರ. ವಯನಾಡಿನಲ್ಲಿ ಮುಂಗಾರು ಹಿಡಿದರೆ ಈ ಸಣ್ಣ ಜಲಾಶಯ ಬೇಗ ತುಂಬಿಕೊಳ್ಳುತ್ತದೆ, ತುಂಬಿದ ಮೇಲೆ ನೀರು ಬಿಡದೆ ಅವರಿಗೆ ಬೇರೆ ದಾರಿಯಿರುವುದಿಲ್ಲ. ಆದ್ದರಿಂದ ಕೆಆರ್‌ಎಸ್ ಇನ್ನೂ ತುಂಬುತ್ತಿರುವಾಗಲೇ ಶಿವನಸಮುದ್ರ ಭೋರ್ಗರೆಯುವ ದಿನಗಳುಂಟು. ಕಬಿನಿಯ ಹೊರಹರಿವು ಹತ್ತಾರು ಸಾವಿರ ಕ್ಯುಸೆಕ್ ಎಂದು ಪತ್ರಿಕೆಯಲ್ಲಿ ಕಂಡ ಮೇಲೆ ಒಂದೆರಡು ದಿನದಲ್ಲಿ ಹೊರಡಿ. ಸಾಮಾನ್ಯವಾಗಿ ಜುಲೈಯಿಂದ ಅಕ್ಟೋಬರ್‌ವರೆಗೆ ಈ ಅವಕಾಶ ಸಿಗುತ್ತದೆ, ಮಳೆ ಕೈಕೊಟ್ಟ ವರ್ಷ ಸಿಗುವುದಿಲ್ಲ.

ಇನ್ನು ನಿಲ್ಲಿಸುವವರ ವಿಷಯ. ಇಲ್ಲಿನ ಜಲವಿದ್ಯುತ್ ಕೇಂದ್ರ 1902ರಲ್ಲಿ ಕೆಲಸ ಆರಂಭಿಸಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯ ಮೂಲಕ ವಿದ್ಯುತ್ ಕಳಿಸಿತು. ಆ ಕೇಂದ್ರಕ್ಕಾಗಿ ಜಲಪಾತದ ಮೇಲ್ಭಾಗದಲ್ಲೇ ನದಿಗೆ ಅಡ್ಡಕಟ್ಟೆ ಕಟ್ಟಿ ಕಾಲುವೆಗೆ ನೀರು ತಿರುಗಿಸಿದ್ದಾರೆ. ಹೊಳೆ ಬಡವಾದ ತಿಂಗಳುಗಳಲ್ಲಿ ಕಾಲುವೆಗೆ ಹೋಗಿ ಉಳಿದದ್ದೇ ಬಂಡೆಯ ಪಾಲು. ನಿಮ್ಮ ಬೀಗರು ಕಂಡ ಒಂದೆರಡು ಎಳೆ ಅದೇ.

ಗಗನಚುಕ್ಕಿಯನ್ನು ಮಳವಳ್ಳಿ ಕಡೆಯ ವೀಕ್ಷಣಾ ತಾಣದಿಂದ ದೂರದಿಂದಲೇ ನೋಡುವುದು ಒಳ್ಳೆಯದು. ಹತ್ತಿರ ಹೋಗುವ ಆಸೆಯಿದ್ದರೆ ಕೊಳ್ಳೇಗಾಲ ಕಡೆಯ ಭರಚುಕ್ಕಿಗೆ ಹೋಗಿ, ಅಲ್ಲಿ ಮೆಟ್ಟಿಲುಗಳಿವೆ. ಹೊಳೆ ತುಂಬಿದಾಗ ಕೆಳಗಿಳಿಯಲು ಬಿಡುವುದಿಲ್ಲ, ಬಿಡಲೂಬಾರದು. ಮೇಲಿನ ಕಟಾಂಜನದ ಬಳಿ ನಿಂತರೂ ಕನ್ನಡಕದ ಗಾಜನ್ನು ನಾಲ್ಕು ಸಲ ಒರೆಸಿಕೊಳ್ಳಬೇಕಾಗುತ್ತದೆ. ಬಂದ ದಾರಿಯಲ್ಲಿ ಎರಡು ಕವಲುಗಳ ನಡುವಿನ ದ್ವೀಪದಲ್ಲಿರುವ ಮಧ್ಯರಂಗನ ದರ್ಶನವನ್ನೂ ಮಾಡಿಸಿದರೆ ನಿಮ್ಮ ಮುಖಭಂಗ ಪೂರ್ತಿ ತೀರುತ್ತದೆ.

ಪ್ರಶ್ನೆ: ನಾವು ಐದು ಜನ ಗೆಳೆಯರು ಪದವಿಯ ಕೊನೆಯ ವರ್ಷದಲ್ಲಿದ್ದೇವೆ. ರಾತ್ರಿ ಬೈಕಿನಲ್ಲಿ ಹೊರಟು ಪಾಂಡವಪುರದ ಕುಂತಿಬೆಟ್ಟ ಹತ್ತಿ, ಮೇಲೆ ಬೆಂಕಿ ಹಾಕಿಕೊಂಡು ಕುಳಿತು, ಸೂರ್ಯೋದಯ ನೋಡಿ ಇಳಿಯಬೇಕೆಂದಿದ್ದೇವೆ. ಮಾರ್ಗದರ್ಶಿ ಬೇಕೇ? ಮನೆಯವರು ಒಪ್ಪುತ್ತಿಲ್ಲ. (ವಿದ್ಯಾರ್ಥಿ, ಮೈಸೂರು)

ಉತ್ತರ: ಮನೆಯವರ ಪರವಾಗಿ ಬರೆಯುತ್ತಿದ್ದೇನೆಂದು ತಿಳಿಯಬೇಡಿ, ಆದರೂ ಅವರದೇ ಸರಿ. ಸೂರ್ಯೋದಯ ನೋಡಲು ರಾತ್ರಿಯೆಲ್ಲ ಬೆಟ್ಟದ ಮೇಲಿರಬೇಕಾಗಿಲ್ಲ. ಮೈಸೂರಿನಿಂದ ಪಾಂಡವಪುರ ಒಂದು ಗಂಟೆಯೊಳಗಿನ ದಾರಿ; ಬೆಳಗಿನ ಜಾವ ಹೊರಟು, ಕಾಲಡಿಯ ಕಲ್ಲು ಕಾಣುವಷ್ಟು ಬೆಳಕಾದ ಮೇಲೆ ಹತ್ತಲು ಆರಂಭಿಸಿದರೆ ಬಿಸಿಲು ಏರುವ ಮುನ್ನ ಮೇಲಿರುತ್ತೀರಿ. ಆ ಹೊತ್ತಿನಲ್ಲಿ ಕೆಳಗಿನ ಕೆರೆ, ಕಬ್ಬಿನ ಗದ್ದೆ, ತೆಂಗಿನ ತೋಟಗಳ ಮೇಲೆ ತೆಳುವಾಗಿ ಮಂಜು ಕುಳಿತಿರುತ್ತದೆ, ಎಲ್ಲೋ ಒಂದು ಆಲೆಮನೆಯ ಹೊಗೆ ನೇರವಾಗಿ ಮೇಲೇಳುತ್ತಿರುತ್ತದೆ. ಸೂರ್ಯ ಅರ್ಧ ಗಂಟೆ ಮೊದಲೇ ಹುಟ್ಟಿದ್ದರೂ ನೋಟಕ್ಕೆ ಕೊರತೆಯಾಗದು.

ರಾತ್ರಿ ಬೇಡವೆನ್ನಲು ನನ್ನದೇ ಕಾರಣವೊಂದಿದೆ. ಹಲವು ವರ್ಷಗಳ ಹಿಂದೆ, ಈ ಸೀಮೆಯದೇ ಇನ್ನೊಂದು ಬೆಟ್ಟಕ್ಕೆ, ಹಣ ಪಡೆದು ಚಾರಣ ಮಾಡಿಸುವ ತಂಡವೊಂದರ ಜೊತೆ ರಾತ್ರಿ ಹೋಗಿದ್ದೆ. ಮೂವತ್ತು ಜನಕ್ಕೆ ಒಬ್ಬನೇ ಮಾರ್ಗದರ್ಶಿ. ಅವನು ಮುಂದಿದ್ದ, ನಾವು ಎಂಟು ಮಂದಿ ಹಿಂದುಳಿದೆವು, ದಾರಿ ತಪ್ಪಿತು. ಇಳಿಜಾರು ಬಂಡೆಯೊಂದರ ಮೇಲೆ ಬೆಳಗಾಗುವವರೆಗೆ ಕುಳಿತೆವು. ಬೆಳಕು ಹರಿದಾಗ ನೋಡಿದರೆ ನಾವು ಕುಳಿತ ಬಂಡೆಯ ಚಾಚಿನ ಕೆಳಗೆ ಮೊರದಗಲದ ನಾಲ್ಕು ಹೆಜ್ಜೇನು ತಟ್ಟಿಗಳು ತೂಗುತ್ತಿದ್ದವು. ಸಾವಿರಾರು ಹುಳುಗಳು ಒಂದರ ಮೇಲೊಂದು ಕುಳಿತು ತಟ್ಟಿಯನ್ನೇ ಮುಚ್ಚಿದ್ದವು. ಯಾರೋ ಕೆಮ್ಮಿದರು, ತಟ್ಟಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಗಾಳಿಗೆ ಬಾಗುವ ಪೈರಿನಂತೆ ಅಲೆಯೊಂದು ಸರಿದುಹೋಯಿತು. ಅದು ಹೆಜ್ಜೇನು ಕೊಡುವ ಎಚ್ಚರಿಕೆ. ನಾವು ಚಪ್ಪಲಿ ಕೈಯಲ್ಲಿ ಹಿಡಿದು ಇಳಿದೆವು. ಆ ರಾತ್ರಿ ಚಳಿಗೆ ಬೆಂಕಿ ಹಾಕೋಣವೆಂದು ಒಬ್ಬರು ಹೇಳಿದ್ದರು, ಬೆಂಕಿಪೊಟ್ಟಣ ಯಾರಲ್ಲೂ ಇರಲಿಲ್ಲ.

ಹೊಗೆ, ಗಾಢ ಸುಗಂಧದ್ರವ್ಯ, ಕಲ್ಲೆಸೆತ, ಇವು ಮೂರೂ ಹೆಜ್ಜೇನನ್ನು ಕೆರಳಿಸುತ್ತವೆ. ಒಂದು ಹುಳು ಕಚ್ಚಿದ ಜಾಗದಿಂದ ಹೊರಡುವ ವಾಸನೆ ಉಳಿದವನ್ನು ಅಲ್ಲಿಗೇ ಕರೆಯುತ್ತದೆ. ಆದ್ದರಿಂದ ಕಚ್ಚಿಸಿಕೊಂಡವರು ನಿಂತು ಕೈ ಬೀಸದೆ, ಮುಖ ಮುಚ್ಚಿಕೊಂಡು ಆದಷ್ಟು ಬೇಗ ದೂರ ಸಾಗಬೇಕು, ಮುಳ್ಳನ್ನು ಆಮೇಲೆ ಉಗುರಿನಿಂದ ಕೆರೆದು ತೆಗೆಯಬೇಕು. ಹೆಚ್ಚು ಹುಳು ಕಚ್ಚಿದ್ದರೆ, ಅಥವಾ ಉಸಿರಾಟ ಕಷ್ಟವಾದರೆ, ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು.

ಕತ್ತಲಲ್ಲಿ ಇನ್ನೂ ಎರಡು ಅಪಾಯಗಳಿವೆ. ಕೊಳಕುಮಂಡಲ ರಾತ್ರಿ ಸಂಚರಿಸುವ ಹಾವು. ಬಂಡೆ ಸಂದಿನ ತರಗೆಲೆಯಲ್ಲಿ ಅದು ಟಾರ್ಚ್ ಬೆಳಕಿಗೂ ಸುಲಭವಾಗಿ ಕಾಣುವುದಿಲ್ಲ. ಚಿರತೆಗಳಂತೂ ಕಬ್ಬಿನ ಗದ್ದೆಗಳಲ್ಲೂ ಕಲ್ಲುಬೆಟ್ಟಗಳಲ್ಲೂ ನೆಲೆ ಮಾಡಿಕೊಂಡಿವೆಯೆಂದು ಮಂಡ್ಯ, ಮೈಸೂರಿನವರಿಗೆ ನಾನು ಹೇಳಬೇಕಾಗಿಲ್ಲ.

ಹಗಲಲ್ಲಿ ಹೋದರೂ ಬಂಡೆಯನ್ನು ಸ್ವಲ್ಪ ಓದಲು ಕಲಿಯಿರಿ. ನಮ್ಮ ಕಡೆಯ ಕಲ್ಲುಬೆಟ್ಟಗಳು ಈರುಳ್ಳಿಯಂತೆ ಪದರು ಪದರಾಗಿ ಸುಲಿಯುತ್ತವೆ. ಸುಲಿಯಲು ಸಿದ್ಧವಾದ ಪದರನ್ನು ತುಳಿದರೆ ಟೊಳ್ಳು ಸದ್ದು ಬರುತ್ತದೆ. ಅಂಥ ಕಡೆ ಭಾರ ಹಾಕಬೇಡಿ. ಮಳೆ ನಿಂತ ಮೇಲೆ ದೊಣೆಗಳಿಂದ ನೀರು ಜಿನುಗಿ ಹರಿದ ಜಾಗ ಕಪ್ಪು ಪಟ್ಟೆಯಾಗಿ ಕಾಣುತ್ತದೆ, ಅದು ಪಾಚಿ. ಒಣಗಿದಾಗ ಹಿಡಿತ ಕೊಡುವ ಅದೇ ಪಟ್ಟೆ, ಒದ್ದೆಯಾದಾಗ ಸಾಬೂನು ಸವರಿದಂತಿರುತ್ತದೆ. ಹತ್ತುವಾಗ ಗೊತ್ತಾಗದ ಕಷ್ಟ ಇಳಿಯುವಾಗ ಗೊತ್ತಾಗುತ್ತದೆ. ಅರಣ್ಯ ಇಲಾಖೆಯ ಚಾರಣ ಪಥಗಳಿಗೆ ಈಗ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡ ಕಾಯ್ದಿರಿಸುವ ವ್ಯವಸ್ಥೆಯಿದೆ. ಪಟ್ಟಿಯಲ್ಲಿಲ್ಲದ ಬೆಟ್ಟವಾದರೆ ಆ ವಲಯದ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ತುರ್ತಿಗೆ 112, ಅರಣ್ಯ ಸಹಾಯವಾಣಿಗೆ 1926 ಎಂಬುದನ್ನು ಐವರೂ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ತಾಯಿಗೆ 72 ವರ್ಷ, ಮಂಡಿನೋವು. ಮಕ್ಕಳಿಗೆ ಹತ್ತು ಮತ್ತು ಏಳು ವರ್ಷ. ಒಂದೇ ದಿನದಲ್ಲಿ ಹೋಗಿ ಬರುವಂಥ ತಂಪಾದ ಬೆಟ್ಟ ಬೇಕು. ಯಜಮಾನರು ಮೇಲುಕೋಟೆ ಎನ್ನುತ್ತಾರೆ, ನನಗೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ ನೋಡುವ ಆಸೆ. (ಗೃಹಿಣಿ, ಮದ್ದೂರು)

ಉತ್ತರ: ಗೋಪಾಲಸ್ವಾಮಿ ಬೆಟ್ಟ ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದೊಳಗೆ ಇದೆ, ಎತ್ತರ 1,454 ಮೀಟರ್. ತಾಯಿಯವರ ಮಂಡಿಗೆ ಇದೇ ಅನುಕೂಲ. ಖಾಸಗಿ ವಾಹನಗಳನ್ನು ಬೆಟ್ಟದ ಬುಡದಲ್ಲೇ ನಿಲ್ಲಿಸಬೇಕು, ಅಲ್ಲಿಂದ ಕೆಎಸ್‌ಆರ್‌ಟಿಸಿ ಬಸ್ಸು ದೇವಸ್ಥಾನದ ಹತ್ತಿರಕ್ಕೇ ಒಯ್ಯುತ್ತದೆ, ಹತ್ತುವುದು ಕೆಲವೇ ಮೆಟ್ಟಿಲು. ಶಾಲು ಮರೆಯಬೇಡಿ. ಹಸಿರು ಹುಲ್ಲುಗುಡ್ಡಗಳು, ಅವುಗಳ ಮಡಿಲಲ್ಲಿ ಕಡುಹಸಿರು ಕಾಡಿನ ತುಂಡುಗಳು, ಕ್ಷಣದಲ್ಲಿ ಎಲ್ಲವನ್ನೂ ಮುಚ್ಚಿಬಿಡುವ ಮಂಜು, ಇವನ್ನು ತಾಯಿಯವರು ಕುಳಿತಲ್ಲೇ ನೋಡಬಹುದು. ಮಂಜು ಬೇಕಾದರೆ ಜೂನ್‌ನಿಂದ ಡಿಸೆಂಬರ್ ಒಳಗೆ, ಬೆಳಗಿನ ಮೊದಲ ಬಸ್ಸುಗಳಲ್ಲೇ ಹೋಗಬೇಕು. ಬೇಸಿಗೆಯ ಮಧ್ಯಾಹ್ನ ಅಲ್ಲಿ ಕಾಣುವುದು ಒಣಹುಲ್ಲು.

ಆದರೆ ಮಕ್ಕಳ ಮಾತು ಬೇರೆ. ಆನೆ ಓಡಾಡುವ ಕಾಡದು, ದೇವಸ್ಥಾನದ ಆವರಣ ಬಿಟ್ಟು ಅಲೆದಾಡಲು ಬಿಡುವುದಿಲ್ಲ. ರಜಾದಿನವಾದರೆ ಬಸ್ಸಿನ ಸಾಲಿನಲ್ಲಿ ಕಾಯಬೇಕಾಗುತ್ತದೆ, ಏಳು ವರ್ಷದ ಮಗು ಕಾಯುವುದಿಲ್ಲ. ಮೇಲುಕೋಟೆಯಲ್ಲಿ ಮಕ್ಕಳಿಗೆ ಕಲ್ಯಾಣಿಯಿದೆ, ಅಕ್ಕ-ತಂಗಿ ಕೊಳಗಳಿವೆ, ಅರ್ಧಕ್ಕೆ ನಿಂತ ರಾಯಗೋಪುರದ ಕಂಬಗಳಿವೆ, ಯೋಗಾನರಸಿಂಹನ ಬೆಟ್ಟದ ಮೆಟ್ಟಿಲುಗಳಿವೆ. ಅಜ್ಜಿ ಕಲ್ಯಾಣಿಯ ಮಂಟಪದ ನೆರಳಿನಲ್ಲಿ ಕುಳಿತಿರಬಹುದು. ಆದರೆ ಅದು ತಂಪಿನ ಊರಲ್ಲ. ಸುತ್ತಲಿನದು ಕುರುಚಲು ಕಾಡು. 1974ರಲ್ಲಿ ತೋಳಗಳಿಗಾಗಿ ಸುಮಾರು 50 ಚದರ ಕಿಲೋಮೀಟರನ್ನು ವನ್ಯಧಾಮವೆಂದು ಘೋಷಿಸಿದ್ದು ಇಂಥ ಬಯಲು ಕಾಡನ್ನೇ. ಹನ್ನೊಂದು ಗಂಟೆ ದಾಟಿದರೆ ಬರಿಗಾಲಿಗೆ ಕಲ್ಲು ಸುಡುತ್ತದೆ, ಮಧ್ಯಾಹ್ನ ದೇವಸ್ಥಾನದ ಬಾಗಿಲು ಹಾಕುವುದೂ ಉಂಟು. ವಾರದ ನಡುವೆ ಹೋಗಲು ಸಾಧ್ಯವಿದ್ದರೆ ನಿಮ್ಮ ಮಾತೇ ನಡೆಯಲಿ. ಭಾನುವಾರವೊಂದೇ ಬಿಡುವಾದರೆ, ಬೆಳಿಗ್ಗೆ ಎಂಟಕ್ಕೆ ಮೇಲುಕೋಟೆ ತಲುಪಿ, ಹತ್ತಿ ಇಳಿದು, ಪುಳಿಯೋಗರೆ ತಿಂದು ಬನ್ನಿ.

ಪ್ರಶ್ನೆ: ಚಾಮುಂಡಿ ಬೆಟ್ಟದ ಮೆಟ್ಟಿಲು ಸಾವಿರವೋ, ಸಾವಿರದ ಎಂಟೋ? ವಾಯುವಿಹಾರದ ಗೆಳೆಯರಲ್ಲಿ ಜಗಳವೇ ಆಗಿದೆ. (ನಿವೃತ್ತರು, ಮೈಸೂರು)

ಉತ್ತರ: ಸಾವಿರದ ಎಂಟು ಭಕ್ತಿಯ ಲೆಕ್ಕ, ಸಾವಿರ ಮಾತಿನ ಲೆಕ್ಕ, ಕಾಲಿನ ಲೆಕ್ಕ ನಂದಿಯ ಬಳಿ ಎಲ್ಲರಿಗೂ ತಪ್ಪುತ್ತದೆ. ದೊಡ್ಡದೇವರಾಜ ಒಡೆಯರ ಕಾಲದಲ್ಲಿ (1659–1673) ಒಂದೇ ಬಂಡೆಯಲ್ಲಿ ಕಡೆದ, ಸುಮಾರು 16 ಅಡಿ ಎತ್ತರದ ಆ ನಂದಿಯ ಮುಂದೆ ನಿಂತು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಎಣಿಕೆ ಮರೆತುಹೋಗುತ್ತದೆ. ಜಗಳ ಮುಂದುವರಿಸಲು ಇನ್ನೊಂದು ಅಂಕಿ ಕೊಡುತ್ತೇನೆ: ಬೆಟ್ಟದ ಗ್ರಾನೈಟಿನ ವಯಸ್ಸು ಸುಮಾರು 80 ಕೋಟಿ ವರ್ಷ, ಸುತ್ತಲಿನ ನೆಲದ ಕಲ್ಲಿಗಿಂತ ಅದು ಬಹಳ ಕಿರಿಯದು. ಆಷಾಢ ಶುಕ್ರವಾರಗಳನ್ನು ಬಿಟ್ಟು, ಸೂರ್ಯನಿಗಿಂತ ಮೊದಲು ಹತ್ತಿರಿ.

ಪ್ರಶ್ನೆ: ಕಚೇರಿಯ ಹನ್ನೆರಡು ಮಂದಿ ಭಾನುವಾರ ಮುತ್ತತ್ತಿಗೆ ಹೋಗುತ್ತಿದ್ದೇವೆ. ಕೆಲವರಿಗೆ ಈಜುವ ಆಸೆ, ಒಬ್ಬರಿಗೆ ಗಾಳ ಹಾಕಿ ದೊಡ್ಡ ಮೀನು ಹಿಡಿಯುವ ಆಸೆ. (ಓದುಗರು, ಮಳವಳ್ಳಿ)

ಉತ್ತರ: ಎರಡೂ ಆಸೆಗಳನ್ನು ಮನೆಯಲ್ಲೇ ಬಿಟ್ಟು ಹೊರಡಿ. ಮುತ್ತತ್ತಿ, ಭೀಮೇಶ್ವರಿಯ ಸುತ್ತಲಿನದು 1987ರಲ್ಲಿ ಘೋಷಿತವಾದ ಕಾವೇರಿ ವನ್ಯಧಾಮ. ನಿಮ್ಮ ಗೆಳೆಯರು ಕನಸು ಕಾಣುತ್ತಿರುವ ಮೀನು ಮಹಸೀರ್ ಇರಬೇಕು. ಒಂದು ಕಾಲಕ್ಕೆ ಹಿಡಿದು, ತೂಗಿ, ಮತ್ತೆ ಹೊಳೆಗೇ ಬಿಡುವ ಆಟಕ್ಕೆ ಭೀಮೇಶ್ವರಿ ದೇಶವಿದೇಶಗಳಲ್ಲಿ ಹೆಸರಾಗಿತ್ತು. ವನ್ಯಧಾಮದೊಳಗೆ ಈಗ ಅದಕ್ಕೂ ಅವಕಾಶವಿಲ್ಲ. ಕಾವೇರಿಯ ಡುಬ್ಬದ ಮಹಸೀರ್ 2018ರಿಂದ ಅಳಿವಿನ ಅಂಚಿನಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಯಲ್ಲಿದೆ.

ಈಜಿನ ವಿಷಯದಲ್ಲಿ ಇನ್ನೂ ಖಡಾಖಂಡಿತವಾಗಿ ಹೇಳಬೇಕಾಗಿದೆ. ಅಲ್ಲಿ ಹೊಳೆಯ ತಳ ಸಮನಾಗಿಲ್ಲ. ಮಂಡಿಯುದ್ದದ ನೀರಿನಲ್ಲಿ ನಡೆಯುತ್ತಿದ್ದವರು ಮುಂದಿನ ಹೆಜ್ಜೆಗೆ ಬಂಡೆಯ ನಡುವಿನ ಮಡುವಿಗೆ ಇಳಿದುಬಿಡುತ್ತಾರೆ. ಮೇಲೆ ಅಣೆಕಟ್ಟೆಗಳಿಂದಲೋ ವಿದ್ಯುತ್ ಕೇಂದ್ರದಿಂದಲೋ ನೀರು ಬಿಟ್ಟರೆ, ಮೋಡವಿಲ್ಲದ ದಿನವೂ ಮಟ್ಟ ಏರುತ್ತದೆ. ಮೊಸಳೆಗಳೂ ಇವೆ. ಈಜು ಬಲ್ಲೆನೆಂಬ ಧೈರ್ಯ ಕೆರೆಯಲ್ಲಿ ನಡೆದೀತು, ಇಲ್ಲಿ ನಡೆಯದು. ಹರಿಗೋಲಿನಲ್ಲಿ ಕೂರುವುದಾದರೆ ಲೈಫ್ ಜಾಕೆಟ್ ಇದ್ದರೆ ಮಾತ್ರ ಕೂರಿ.

ಹಾಗಾದರೆ ಹೋಗಿ ಮಾಡುವುದೇನೆಂದು ಕೇಳಬಹುದು. ಮುತ್ತೆತ್ತರಾಯನಿಗೆ ಕೈಮುಗಿದು, ದಡದ ಹೊಳೆಮತ್ತಿ ಮರದ ಕೆಳಗೆ ಬುತ್ತಿ ಬಿಚ್ಚಿ, ಸ್ವಲ್ಪ ಹೊತ್ತು ಮಾತು ನಿಲ್ಲಿಸಿ ತಲೆಯ ಮೇಲೆ ನೋಡಿ. ಬೂದು ಮೈಯ, ಬೆಕ್ಕಿನಷ್ಟು ದೊಡ್ಡ ಅಳಿಲೊಂದು ಈ ಹೊಳೆದಂಡೆಯ ಮರಗಳಲ್ಲಿ ವಾಸಿಸುತ್ತದೆ. ಕರ್ನಾಟಕದಲ್ಲಿ ಅದನ್ನು ಕಾಣಬಹುದಾದ ಜಾಗಗಳೇ ಕಡಿಮೆ. ಕೊಂಬೆಯ ಕವಲಿನಲ್ಲಿ ಎಲೆ-ಕಡ್ಡಿ ಒಟ್ಟಿದ ಗೂಡು ಮೊದಲು ಕಣ್ಣಿಗೆ ಬೀಳುತ್ತದೆ, ಆಮೇಲೆ ಉದ್ದಕ್ಕೆ ಇಳಿಬಿಟ್ಟ ಬಾಲ. ಹನ್ನೆರಡು ಮಂದಿಯಲ್ಲಿ ಒಬ್ಬರಾದರೂ ದುರ್ಬೀನು ತಂದಿರಲಿ, ಕೋತಿಗಳಿಂದ ಬುತ್ತಿ ಕಾಯಲು ಇನ್ನೊಬ್ಬರನ್ನು ನೇಮಿಸಿ.