‘ಕೆಟ್ರ ರೊಕ್ಕ ಯಾರ್ ಕೊಡ್ತಾರ್ರಿ ಸರ?’

ಸೋಲಾರ್ ಕೆಲಸ ಕಲಿಸುವ ವಸತಿ ತರಬೇತಿಗಳಿಂದ ಆಪ್ತಸಲಹೆಗೆ ಕಳಿಸುವ ಹುಡುಗರ ಚೀಟಿಯಲ್ಲಿ ಸಾಮಾನ್ಯವಾಗಿ ಒಂದೇ ಸಾಲು ಇರುತ್ತದೆ: ‘ಆಸಕ್ತಿ ಇಲ್ಲ. ಸಾಮಾನು ಮುಟ್ಟುವುದೇ ಇಲ್ಲ. ಪ್ರೇರಣೆ ಕೊಟ್ಟು ಕಳಿಸಿ.’ ಹೊಲಿಗೆ ವಿಭಾಗದಿಂದ ಬರುವ ಹುಡುಗಿಯರ ಚೀಟಿಯಲ್ಲೂ ಇದೇ ಮಾತು, ಅಲ್ಲಿ ಮಾತ್ರ ‘ಕತ್ತರಿ ಹಿಡಿಯುವುದಿಲ್ಲ’ ಎಂದಿರುತ್ತದೆ. ಈ ಪ್ರಕರಣ ಅಂಥ ಚೀಟಿಗಳಲ್ಲಿ ಒಂದು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದೆ.

ಹುಡುಗನಿಗೆ ಹತ್ತೊಂಬತ್ತು. ದೇವದುರ್ಗದ ಕಡೆಯವನು. ಮುಂಗಾರು ಕೈಕೊಟ್ಟ ವರ್ಷ ಮನೆಮಂದಿಯೆಲ್ಲ ಬೆಂಗಳೂರಿಗೆ ಗುಳೆ ಹೋಗುವವರು. ಎಸ್ಸೆಸ್ಸೆಲ್ಸಿ ಪಾಸು, ಅಕ್ಷರ ಮುತ್ತಿನಂತೆ. ಬರವಣಿಗೆಯ ಪರೀಕ್ಷೆಯಲ್ಲಿ ತಂಡಕ್ಕೇ ಮುಂದೆ, ವರ್ಕ್‌ಶಾಪಿನಲ್ಲಿ ಎಲ್ಲರಿಗಿಂತ ಹಿಂದೆ. ಮೂರು ವಾರ ಕಳೆದರೂ ಒಂದು ಕನೆಕ್ಟರ್ ಕ್ರಿಂಪ್ ಮಾಡಿರಲಿಲ್ಲ, ಅಂದರೆ ವೈರಿನ ತುದಿಗೆ ಒತ್ತಿ ಕೂರಿಸಿರಲಿಲ್ಲ. ಮೊದಲ ಎರಡು ಭೇಟಿ ಆತ್ಮವಿಶ್ವಾಸದ ಮಾತಿನಲ್ಲೇ ಕಳೆದವು. ಹುಡುಗ ತಲೆಯಾಡಿಸಿದ, ಹೋದ, ಮತ್ತೆ ಹಿಂದೆಯೇ ನಿಂತ. ಆ ಎರಡು ತಾಸು ದಂಡ ಎಂದು ಒಪ್ಪಿಕೊಳ್ಳುವುದೇ ಸರಿ.

ಸುಳಿವು ಸಿಕ್ಕಿದ್ದು ಗೊಬ್ಬರದ ತೊಟ್ಟಿಯಲ್ಲಿ. ಕೇಂದ್ರದಲ್ಲಿ ಎಲ್ಲರಿಗೂ ಎರೆಗೊಬ್ಬರ, ಕೈತೋಟ, ಬಚ್ಚಲ ನೀರಿನ ಬಳಕೆ ಕಲಿಸುತ್ತಾರೆ. ಅಲ್ಲಿನ ಮೇಲ್ವಿಚಾರಕರು ಇದೇ ಹುಡುಗನನ್ನು ‘ಇವನಷ್ಟು ಚುರುಕು ಯಾರೂ ಇಲ್ಲ’ ಎಂದರು. ಒಮ್ಮೆ ಹಸಿ ಸಗಣಿಯನ್ನೇ ತೊಟ್ಟಿಗೆ ತುಂಬಿದ್ದನಂತೆ. ಹಸಿ ಸಗಣಿ ಕೊಳೆಯುವಾಗ ಬಿಸಿಯೇರುತ್ತದೆ, ಹುಳು ಉಳಿಯುವುದಿಲ್ಲ; ಹತ್ತು ಹದಿನೈದು ದಿನ ಹೊರಗೆ ಹರವಿ ಕಾವು ಇಳಿಸಿದ ಮೇಲೆಯೇ ಹಾಕಬೇಕು. ಹುಳು ಸತ್ತವು. ಮರುದಿನವೇ ತೊಟ್ಟಿ ಖಾಲಿ ಮಾಡಿ, ಹಳೆಯ ಸಗಣಿ ಹುಡುಕಿ ತಂದು, ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಮಾತ್ರ ಬರುವಷ್ಟು ತೇವ ನೋಡಿಕೊಂಡು, ನಗುನಗುತ್ತಲೇ ಮತ್ತೆ ತುಂಬಿದ್ದ. ತಪ್ಪು ಮಾಡಲು ಹೆದರುವವನು ಹೀಗೆ ಮಾಡುತ್ತಾನೆಯೇ?

ಮೂರನೆಯ ಭೇಟಿಯಲ್ಲಿ ಮೇಜಿನ ಮೇಲೆ ವೋಲ್ಟೇಜು, ಕರೆಂಟು ಅಳೆಯುವ ಒಂದು ಮಲ್ಟಿಮೀಟರ್ ಮತ್ತು ಗುಜರಿಗೆ ಹೋಗಬೇಕಿದ್ದ ಒಂದು ಸಣ್ಣ ಬ್ಯಾಟರಿ ಇಟ್ಟಿತ್ತು. ಹುಡುಗ ಎರಡೂ ಕೈಯನ್ನು ಮೊಣಕಾಲ ನಡುವೆ ಸೇರಿಸಿಕೊಂಡು ಕೂತ. ಶಾಕ್ ಹೊಡೆಯುತ್ತದೆಂಬ ಅಂಜಿಕೆಯೇ ಎಂದು ಕೇಳಿದರೆ, ಪಾಠ ಒಪ್ಪಿಸುವವನ ಹಾಗೆ ಹೇಳಿದ: ‘ಹನ್ನೆರಡು ವೋಲ್ಟಿಗೆ ಶಾಕ್ ಹೊಡಿಯೂದಿಲ್ರಿ.’ ಹಾಗಾದರೆ ಗೊಬ್ಬರದ ತೊಟ್ಟಿ ಕೆಡಿಸಿದಾಗ ಯಾಕೆ ಹೆದರಲಿಲ್ಲ ಎಂದಾಗ ನಕ್ಕ. ‘ಸಗಣಿಗೆ ಯಾರ್ ರೊಕ್ಕ ಕೇಳ್ತಾರ್ರಿ?’ ಸ್ವಲ್ಪ ಹೊತ್ತು ಬಿಟ್ಟು, ಮೀಟರಿನ ಕಡೆ ನೋಡುತ್ತ, ‘ಇದು ಕೆಟ್ರ ರೊಕ್ಕ ಯಾರ್ ಕೊಡ್ತಾರ್ರಿ ಸರ?’

ಆಮೇಲೆ ನೋಟ್‌ಬುಕ್ಕಿನ ಕೊನೆಯ ಹಾಳೆ ತೆರೆದು ತೋರಿಸಿದ. ವರ್ಕ್‌ಶಾಪಿನ ಒಂದೊಂದು ಸಾಮಾನಿನ ಬೆಲೆಯನ್ನು ಸ್ಟೋರಿನವರಿಂದ ಕೇಳಿ ಬರೆದಿದ್ದ. ಅದರ ಎದುರಿಗೆ ಅಪ್ಪನ ಎಷ್ಟು ದಿನದ ಕೂಲಿ ಎಂಬ ಲೆಕ್ಕ. ಮೀಟರ್ ಅರ್ಧ ದಿನ. ಪ್ಯಾನೆಲಿನಿಂದ ಬ್ಯಾಟರಿಗೆ ಹೋಗುವ ಚಾರ್ಜನ್ನು ಹದದಲ್ಲಿಡುವ ಚಾರ್ಜ್ ಕಂಟ್ರೋಲರ್ ಒಂದು ದಿನ. ಕ್ರಿಂಪಿಂಗ್ ಟೂಲ್ ಎರಡು ದಿನ. ನೂರೈವತ್ತು ಆಂಪಿಯರ್ ಅವರ್‌ನ ಟ್ಯೂಬ್ಯುಲರ್ ಬ್ಯಾಟರಿ ಇಪ್ಪತ್ತೊಂದು ದಿನ. ಕೆಲವು ವರ್ಷದ ಹಿಂದೆ ಬೆಂಗಳೂರಿನ ಕಟ್ಟಡವೊಂದರಲ್ಲಿ ಟೈಲ್ಸ್ ಕತ್ತರಿಸುವ ಮಷೀನು ಎತ್ತಿಡಲು ಹೋಗಿ ಕೈಜಾರಿ ಬೀಳಿಸಿದ್ದನಂತೆ. ಮೇಸ್ತ್ರಿ ಅಪ್ಪನ ಕೂಲಿಯಲ್ಲಿ ವಾರಗಟ್ಟಲೆ ಹಿಡಿದುಕೊಂಡ. ಅಪ್ಪ ಬೈಯಲಿಲ್ಲ, ಅವ್ವ ಸಂತೆಗೆ ಹೋಗುವುದನ್ನು ಬಿಟ್ಟಳು. ಇತ್ತ ವರ್ಕ್‌ಶಾಪಿನ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ‘ಹಾಳುಮಾಡಿದವರಿಂದ ವಸೂಲಿ ಮಾಡಲಾಗುವುದು’ ಎಂಬ ಬೋರ್ಡು. ವಸೂಲಿ ಮಾಡಿದ್ದು ಒಮ್ಮೆಯೂ ಇಲ್ಲ ಎಂದು ಬೋಧಕರು ಹೇಳುತ್ತಾರೆ. ಓದುವವನಿಗೆ ಅದು ಹೇಗೆ ಗೊತ್ತಾಗಬೇಕು?

ಇದನ್ನು ಕೀಳರಿಮೆ ಎಂದೋ ಆತಂಕದ ಕಾಯಿಲೆ ಎಂದೋ ಬರೆದು ಕಡತ ಮುಚ್ಚಬಹುದಿತ್ತು. ಆದರೆ ಹುಡುಗನ ಲೆಕ್ಕದಲ್ಲಿ ತಪ್ಪೇನಿದೆ? ತಪ್ಪಿದ್ದದ್ದು ಕಲಿಸುವ ಕ್ರಮದಲ್ಲಿ. ಎಲ್ಲಕ್ಕಿಂತ ದುಬಾರಿ ಸಾಮಾನಾದ ಬ್ಯಾಟರಿಯನ್ನೇ ಮೊದಲ ವಾರ ಮೇಜಿಗೆ ತರುತ್ತಿದ್ದರು. ಹಾಗಾಗಿ ಹುಡುಗನಿಗೆ ಧೈರ್ಯ ಹೇಳುವುದಕ್ಕೆ ಮೊದಲು ಬೋಧಕರೊಡನೆ ಕೂತು ಕ್ರಮ ಬದಲಿಸುವ ಸಲಹೆ ಕೊಡಲಾಯಿತು: ತಪ್ಪಿದರೆ ಯಾವುದಕ್ಕೆ ಕಡಿಮೆ ಖರ್ಚೋ ಅದು ಮೊದಲು.

ಶುರು ತುಂಡು ವೈರಿನಿಂದ. ಕೆಲಸದ ಜಾಗಗಳಲ್ಲಿ ಉಳಿಯುವ ನಾಲ್ಕು ಚದರ ಮಿ.ಮೀ. ಕೇಬಲ್ ಹತ್ತು ಮೀಟರ್ ಸಿಕ್ಕಿದರೆ ಹತ್ತು ಸೆಂಟಿಮೀಟರಿನ ನೂರು ತುಂಡು. ಪ್ಯಾನೆಲಿನ ವೈರುಗಳನ್ನು ಜೋಡಿಸುವ ಎಂಸಿ4 ಕನೆಕ್ಟರಿನ ಲೋಹದ ಪಿನ್ ಒಮ್ಮೆ ಒತ್ತಿದರೆ ಮುಗಿಯಿತು, ಬಿಚ್ಚಿ ಮರುಬಳಸಲಾಗದು. ಆದ್ದರಿಂದ ಮೊದಲು ವೈರಿನ ತುದಿಗೆ ಒತ್ತುವ ಅಗ್ಗದ ಲೋಹದ ಲಗ್‌ಗಳ ಮೇಲೆ ಕೈ ಪಳಗಲಿ. ತುದಿಯಲ್ಲಿ ಆರರಿಂದ ಎಂಟು ಮಿ.ಮೀ. ಸುಲಿಯುವುದು, ಒಂದು ಎಳೆಯೂ ಕತ್ತರಿಸದಂತೆ ನೋಡುವುದು, ಒತ್ತಿದ ಮೇಲೆ ಬಲವಾಗಿ ಎಳೆದು ಪರೀಕ್ಷಿಸುವುದು. ಕ್ರಿಂಪಿಂಗ್ ಟೂಲಿನ ಬದಲು ಇಕ್ಕಳದಲ್ಲಿ ಒತ್ತಿದ ಜಾಯಿಂಟು ಸಡಿಲವಾಗಿ, ಬಿಸಿಯಾಗಿ, ಕರಗಬಹುದು. ಕೆಟ್ಟ ಜಾಯಿಂಟನ್ನು ಉದ್ದಕ್ಕೆ ಸೀಳಿ ಒಳಗೇನಾಗಿದೆ ಎಂದು ತೋರಿಸಬೇಕು, ಬಚ್ಚಿಡಬಾರದು.

ಆಮೇಲೆ ಪ್ಯಾನೆಲ್, ಬ್ಯಾಟರಿ ಅಲ್ಲ. ಐವತ್ತು ವ್ಯಾಟಿನ ಒಂದು ಪ್ಯಾನೆಲಿನ ಎರಡು ತುದಿ ಒಂದಕ್ಕೊಂದು ತಾಗಿದರೂ ಹರಿಯುವುದು ಸುಮಾರು ಮೂರು ಆಂಪಿಯರ್. ಅದೇ ಬ್ಯಾಟರಿಯಲ್ಲಾದರೆ ನೂರಾರು ಆಂಪಿಯರ್ ನುಗ್ಗಿ ಅಡ್ಡಬಿದ್ದ ಸ್ಪ್ಯಾನರ್ ಕೆಂಪಗಾಗುತ್ತದೆ. ಹುಡುಗರು ಅತಿ ಹೆಚ್ಚು ಮಾಡುವ ತಪ್ಪೆಂದರೆ ಮೀಟರಿನ ಕೆಂಪು ವೈರನ್ನು ಹತ್ತು ಆಂಪಿಯರಿನ ತೂತಿನಲ್ಲೇ ಬಿಟ್ಟು ವೋಲ್ಟೇಜ್ ಅಳೆಯಲು ಹೋಗುವುದು. ಅಗ್ಗದ ಮೀಟರುಗಳಲ್ಲಿ ಆ ತೂತಿಗೆ ಫ್ಯೂಸೇ ಇರುವುದಿಲ್ಲ. ಈ ತಪ್ಪು ಒಂಟಿ ಪ್ಯಾನೆಲ್ ಮೇಲಾದರೆ ಮೀಟರೂ ಉಳಿಯುತ್ತದೆ, ಹುಡುಗನೂ ಕಲಿಯುತ್ತಾನೆ. ಬ್ಯಾಟರಿಯ ಮೇಲಾದರೆ ಕಿಡಿ ಹಾರಿ ಪ್ರೋಬ್ ತುದಿ ಕರಗುತ್ತದೆ. ಹಲವು ಪ್ಯಾನೆಲ್ ಸರಣಿಯಲ್ಲಿ ಸೇರಿಸಿದ ಚಾವಣಿಗೆ ಈ ಮಾತು ಖಂಡಿತ ಸಲ್ಲದು, ಅಲ್ಲಿನ ಡಿಸಿ ವೋಲ್ಟೇಜು ಜೀವ ತೆಗೆಯುತ್ತದೆ.

ಹುಡುಗನಿಗೆ ಕೊಟ್ಟ ಸಲಹೆ ಒಂದೇ: ಆ ಕೊನೆಯ ಹಾಳೆಯನ್ನು ಹರಿಯಬೇಡ, ಮೂರನೆಯ ಕಾಲಂ ಎಳೆ. ಬೆಲೆ, ಕೂಲಿಯ ದಿನ, ಅದರ ಪಕ್ಕ ‘ಹೆಂಗ ಕೆಡತೈತಿ’. ಅವನೇ ಬೋಧಕರನ್ನು ಕೇಳಿ ತುಂಬಿಸಿದ. ಕಂಟ್ರೋಲರ್: ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್, ಕೊನೆಗೆ ಲೋಡ್ (ದೀಪ, ಫ್ಯಾನಿನಂಥವು), ಬಿಚ್ಚುವಾಗ ತಿರುಗಾಮುರುಗಾ. ಮೊದಲು ಪ್ಯಾನೆಲ್ ಕೊಟ್ಟರೆ ಕೆಲವು ಕಂಟ್ರೋಲರ್ ವೋಲ್ಟೇಜನ್ನು ತಪ್ಪಾಗಿ ಗುರುತಿಸುತ್ತವೆ, ಕೆಲವು ಸುಡುತ್ತವೆ. ಬ್ಯಾಟರಿ: ಬೋರ್‌ವೆಲ್ ನೀರು ಹಾಕಿದರೆ, ಖಾಲಿಯಾಗಿ ಹಾಗೇ ಬಿಟ್ಟರೆ, ನೀರು ಇಳಿದಾಗ ಆಸಿಡ್ ಸುರಿದರೆ. ಇಪ್ಪತ್ತೊಂದು ದಿನದ ಸಾಮಾನು ಯಾವ ಯಾವ ದಾರಿಯಲ್ಲಿ ಕೆಡುತ್ತದೆ ಎಂದು ಗೊತ್ತಾದ ಮೇಲೆ ಅದನ್ನು ಮುಟ್ಟಲು ಬಂತು. ಅಂಜಿಕೆ ಬಿಡು ಎಂದು ಹೇಳಲಿಲ್ಲ. ಆಸಿಡ್ಡಿಗೆ, ಚಾವಣಿಯ ಅಂಚಿಗೆ ಅಂಜಲೇಬೇಕು.

ಬೋಧಕರೊಬ್ಬರು ಇದಕ್ಕೆ ಒಪ್ಪಲಿಲ್ಲ. ‘ಹೊರಗೆ ಗಿರಾಕಿ ಗುಜರಿ ಕೊಡ್ತಾನಾ? ಕೆಟ್ಟರೆ ಅವನು ಕೇಳೋದೇ ರೊಕ್ಕ. ಇಲ್ಲಿ ಸಲುಗೆ ಕೊಟ್ಟರೆ ಅಲ್ಲಿ ಅಜಾಗರೂಕರಾಗ್ತಾರೆ.’ ಮಾತಿನ ಮೊದಲ ಅರ್ಧ ನಿಜ. ಸಾಯುವ ಹಂತದ ಬ್ಯಾಟರಿಯನ್ನು ಕೊನೆಗೆ ಯಾರು ಮುಟ್ಟಿದರೋ ಅವರ ತಲೆಗೇ ಅದು ಕಟ್ಟುತ್ತದೆ. ಅದಕ್ಕೆ ಮದ್ದು ಬೈಗುಳವಲ್ಲ, ಮುಟ್ಟುವ ಮೊದಲು ಬರೆಯುವ ರೂಢಿ. ಚಾರ್ಜ್ ಆಗಿ ಕೆಲ ತಾಸು ಕಳೆದ ಮೇಲಿನ ವೋಲ್ಟೇಜು, ಆರೂ ಸೆಲ್ಲಿನ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ರೀಡಿಂಗು, ನೀರಿನ ಮಟ್ಟ, ಒಂದು ಫೋಟೊ, ಗಿರಾಕಿಯ ಸಹಿ. ಟ್ಯೂಬ್ಯುಲರ್ ಬ್ಯಾಟರಿ ಪೂರ್ತಿ ತುಂಬಿದಾಗ ಸುಮಾರು 1240 ತೋರಿಸಬೇಕು. ಐದು ಸೆಲ್ ಸರಿಯಿದ್ದು ಒಂದು ಮಾತ್ರ ಉಳಿದವಕ್ಕಿಂತ ಐವತ್ತು ಪಾಯಿಂಟಿಗೂ ಹೆಚ್ಚು ಕೆಳಗಿದ್ದರೆ ಆ ಬ್ಯಾಟರಿ ಮೊದಲೇ ಹೋಗಿದೆ. ಅದನ್ನು ಕೈ ಹಚ್ಚುವ ಮುಂಚೆ ಬಾಯಿಬಿಟ್ಟು ಹೇಳುವುದೂ ಕಸುಬಿನ ಭಾಗ, ಅದನ್ನು ಕಲಿಸುವವರು ಕಡಿಮೆ. ಸಲುಗೆಯಿಂದ ಅಜಾಗರೂಕತೆ ಬರುತ್ತದೆಂಬ ಉಳಿದರ್ಧಕ್ಕೆ ಉತ್ತರವಾಗಿ ಇದೊಂದು: ದಂಡಕ್ಕೆ ಹೆದರಿದವರು ತಪ್ಪು ಮಾಡುವುದನ್ನು ನಿಲ್ಲಿಸುವುದಿಲ್ಲ, ಬಚ್ಚಿಡುತ್ತಾರೆ. ಬಚ್ಚಿಟ್ಟ ಸಡಿಲ ಜಾಯಿಂಟು ಯಾರದೋ ಮನೆಯ ಚಾವಣಿಯ ಮೇಲೆ ಕುಳಿತಿರುತ್ತದೆ.

ಇನ್ನೊಂದು ಸಲಹೆಗೆ ಕೇಂದ್ರದ ವ್ಯವಸ್ಥಾಪಕರು ಇಂದಿಗೂ ಮುನಿಸಿಕೊಂಡಿದ್ದಾರೆ. ಪ್ರಮಾಣಪತ್ರದ ಜೊತೆಗೇ ಸ್ವಉದ್ಯೋಗದ ಸಾಲದ ಅರ್ಜಿ ತುಂಬಿಸುವ ವಾಡಿಕೆ ಇತ್ತು. ಈ ಹುಡುಗನಿಗೆ ಈಗ ಬೇಡ ಎಂದು ಹೇಳಲಾಯಿತು. ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಸ್ವಉದ್ಯೋಗ ತರಬೇತಿ ಸಂಸ್ಥೆಯ ಮಾದರಿಯಲ್ಲಿ ಊಟ ವಸತಿ ಸಹಿತ ಉಚಿತ ತರಬೇತಿ ಎಷ್ಟು ಮುಖ್ಯವೋ ತರಬೇತಿಯ ನಂತರದ ಬೆನ್ನಾಸರೆಯೂ ಅಷ್ಟೇ ಮುಖ್ಯ. ಅದೇ ಜಾಡಿನ ಆರ್‌ಸೆಟಿಗಳಲ್ಲಿ (ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ) ಎರಡು ವರ್ಷ ಹಿಂಬಾಲಿಸಿ ನೋಡುವ ನಿಯಮವಿದೆ. ಬೆನ್ನಾಸರೆ ಇಲ್ಲದ ಕಡೆ, ಒಂದು ಮೀಟರಿನ ಬೆಲೆಯನ್ನು ಅಪ್ಪನ ಕೂಲಿಯಲ್ಲಿ ಅಳೆಯುವ ಹುಡುಗನ ತಲೆಗೆ ಐವತ್ತು ಸಾವಿರದ ಸಾಲ ಹೊರಿಸಿದರೆ ಅವನು ಮತ್ತೆ ಕೈ ಮಡಚಿ ಕೂರುತ್ತಾನೆ. ಒಂದು ವರ್ಷ ಬೇರೊಬ್ಬರ ಕೈಕೆಳಗೆ, ಅವರ ಸಾಮಾನಿನ ಮೇಲೆ ಕೆಲಸ ಮಾಡಲಿ, ಕೆಟ್ಟರೆ ಯಾರ ಲೆಕ್ಕ ಎಂದು ಸೇರುವ ದಿನವೇ ಕೇಳಿಕೊಳ್ಳಲಿ. ಮನೆ ಚಾವಣಿಯ ಸೋಲಾರಿಗೆ ಮೂರು ಕಿಲೋವ್ಯಾಟ್ ಅಥವಾ ಹೆಚ್ಚಿದ್ದರೆ ಗರಿಷ್ಠ 78,000 ರೂಪಾಯಿ ಸಹಾಯಧನ ಕೊಡುವ ಕೇಂದ್ರ ಸರ್ಕಾರದ ಯೋಜನೆ 2024ರಲ್ಲಿ ಬಂದ ಮೇಲೆ ಸಹಾಯಕರ ಕೆಲಸಕ್ಕೆ ದಾರಿಯಿದೆ.

ಹುಡುಗ ಈಗ ಸೋಲಾರ್ ಪಂಪ್ ಕೂರಿಸುವವರೊಬ್ಬರ ಬಳಿ ಇದ್ದಾನೆ. ಕೇಂದ್ರದಲ್ಲಿ ಗುಜರಿ ವೈರಿನ ಡಬ್ಬ ಬಂದಿದೆ, ಹೊಲಿಗೆಯವರು ಹೊಸ ಬಟ್ಟೆಗೆ ಮೊದಲು ಹಳೆಯ ಸೀರೆ ಕತ್ತರಿಸುತ್ತಾರೆ. ವಸೂಲಿಯ ಬೋರ್ಡು ಮಾತ್ರ ಗೋಡೆಯ ಮೇಲೆ ಹಾಗೇ ಇದೆ; ತೆಗೆಯಲು ಮೇಲಿನಿಂದ ಆದೇಶ ಬರಬೇಕಂತೆ.