ಮಿಷನರಿಯಾಗಿ ಕೀನ್ಯಾಕ್ಕೆ ಹೋಗುತ್ತಿದ್ದೇವೆ. ಅಲ್ಲಿ ರಾಜಕೀಯದ ವಾದಕ್ಕೆ ಸಿಕ್ಕಿಕೊಳ್ಳದೆ ಇರುವುದು ಹೇಗೆ? ಯಾರಾದರೂ ರಾಜಕೀಯ ಎತ್ತಿದರೆ ಮಾತು ತಿರುಗಿಸುವುದು ಹೇಗೆ?

ನಿಮ್ಮ ಪ್ರಶ್ನೆ ಓದುತ್ತಿದ್ದಂತೆ 2005ರಲ್ಲಿ ನಾವಿಬ್ಬರು ಹೊರಟಿದ್ದು ನೆನಪಾಯಿತು. ಮದುವೆಯಾಗಿ ಎರಡು ವರ್ಷ, ಕೈಯಲ್ಲಿ ಎರಡು ಸೂಟ್‌ಕೇಸು. "ರಾಜಕೀಯ ಒಂದು ಬಿಟ್ಟು ಏನು ಬೇಕಾದರೂ ಮಾತಾಡಿ" ಅಂತ ಕಳಿಸಿಕೊಟ್ಟವರು ಬುದ್ಧಿ ಹೇಳಿದ್ದರು. ಬೆಟಗೇರಿಯಿಂದ ಹೊರಟು ನಕೂರು ಸೇರಿದೆವು. ಅದು ಕೀನ್ಯಾದ ರಿಫ್ಟ್ ಕಣಿವೆಯ ಊರು. ನಾನು ಸಭೆಯ, ಅಂದರೆ ಚರ್ಚಿನ, ಶಾಲೆಯಲ್ಲಿ ಗಣಿತದ ಮೇಷ್ಟ್ರು, ಸರದಿ ಬಂದ ಭಾನುವಾರ ಪ್ರಸಂಗ. ಅಲ್ಲಿ ಎಲ್ಲರೂ ನನ್ನನ್ನು "ಮ್ವಾಲಿಮು" ಅನ್ನುತ್ತಿದ್ದರು, ಮೇಷ್ಟ್ರೇ ಅಂತ.

ಯಾರಾದರೂ ರಾಜಕೀಯ ಎತ್ತಿದರೆ ಮಾತು ತಿರುಗಿಸುವುದು ಹೇಗೆ ಅಂತ ಕೇಳಿದ್ದೀರಿ. ಅದರಲ್ಲಿ ನಾನು ಪಳಗಿದ್ದೆ. ಮೊದಲ ಎರಡೂವರೆ ವರ್ಷ ಯಾರ ಜೊತೆಗೂ ಒಂದು ಏರುಮಾತು ಆಗಲಿಲ್ಲ. ಆದರೂ ನನ್ನಿಂದ ಒಂದು ಮನೆಯವರು ದೂರವಾದರು, ಬಹಳ ಕೆಟ್ಟ ಹೊತ್ತಿನಲ್ಲಿ.

ನಾವು ಹೋದ ವರ್ಷವೇ ನವೆಂಬರ್‌ನಲ್ಲಿ ಹೊಸ ಸಂವಿಧಾನದ ಕರಡಿನ ಮೇಲೆ ಜನಮತ ನಡೆಯಿತು. ಓದಲು ಬಾರದವರಿಗೂ ತಿಳಿಯಲಿ ಅಂತ ಚಿತ್ರ ಇಟ್ಟಿದ್ದರು. ಬೇಕು ಅನ್ನುವವರಿಗೆ ಬಾಳೆಹಣ್ಣು, ಬೇಡ ಅನ್ನುವವರಿಗೆ ಕಿತ್ತಳೆ. ಕಿತ್ತಳೆ ಗೆದ್ದಿತು. ಮುಂದೆ ವಿರೋಧ ಪಕ್ಷದ ನಾಯಕ ರೈಲಾ ಒಡಿಂಗಾ ಅವರ ಪಕ್ಷದ ಹೆಸರಿನಲ್ಲೂ ಅದೇ ಸೇರಿತು. ಆ ತಿಂಗಳು ನನ್ನ ಹೆಂಡತಿ ಸಂಡೇ ಸ್ಕೂಲ್ ಮಕ್ಕಳಿಗೆ ಹಣ್ಣು ಹಂಚಲು ಹೋದಳು. ಸಭೆಯ ಅಮ್ಮ ಒಬ್ಬರು ಬುಟ್ಟಿಯಿಂದ ಕಿತ್ತಳೆಗಳನ್ನೆಲ್ಲ ಎತ್ತಿಟ್ಟು, "ಈ ತಿಂಗಳು ಅನಾನಸ್ ಸಾಕಮ್ಮ" ಅಂದರು. ಅವತ್ತಿನಿಂದ ಬಣ್ಣದ ವಿಷಯದಲ್ಲಿ ಹುಷಾರಾದೆವು. ಕಿತ್ತಳೆ ಬಣ್ಣದ ಸೀರೆ ಪೆಟ್ಟಿಗೆ ಸೇರಿತು. ಇಷ್ಟು ನೋಡಿಕೊಂಡರೆ ಸಾಕು ಅಂದುಕೊಂಡಿದ್ದೆವು.

2007ರ ಡಿಸೆಂಬರ್ 27ಕ್ಕೆ ಚುನಾವಣೆ. ಒಂದು ಕಡೆ ಅಧ್ಯಕ್ಷ ಮ್ವಾಯಿ ಕಿಬಾಕಿ, ಕಿಕುಯು ಜನಾಂಗದವರು. ಇನ್ನೊಂದು ಕಡೆ ಒಡಿಂಗಾ, ಲುಓ ಜನಾಂಗದವರು. ನಕೂರಿನಲ್ಲಿ ಕಿಕುಯು, ಕಲೆಂಜಿನ್, ಲುಓ, ಲುಹ್ಯಾ ಎಲ್ಲರೂ ಇದ್ದಾರೆ, ನಮ್ಮ ಸಭೆಯಲ್ಲೂ ಇದ್ದರು. ಡಿಸೆಂಬರ್ 16ರ ಭಾನುವಾರ ಪ್ರಸಂಗ ನನ್ನದು. ಯೇಸು ಹೇಳಿದ ತಲಾಂತುಗಳ ಸಾಮ್ಯ ತೆಗೆದುಕೊಂಡೆ, ಯಜಮಾನ ಕೊಟ್ಟ ಹಣವನ್ನು ಆಳೊಬ್ಬ ಮಣ್ಣಲ್ಲಿ ಹೂತಿಟ್ಟ ಕತೆ. ದೇವರು ಕೊಟ್ಟದ್ದನ್ನು ಹೂತಿಡಬೇಡಿ, ಕಲಿಯುವುದಕ್ಕೆ ವಯಸ್ಸಿಲ್ಲ ಅಂತ ಹೇಳಬೇಕಿತ್ತು. ಅದಕ್ಕೆ ಕಿಮಾನಿ ಮರುಗೆ ಅವರ ಕತೆ ಹೇಳಿದೆ. 2003ರಲ್ಲಿ ಸರ್ಕಾರ ಪ್ರಾಥಮಿಕ ಶಾಲೆಯ ಫೀಸು ತೆಗೆದುಹಾಕಿತು, ಹತ್ತು ಲಕ್ಷಕ್ಕೂ ಜಾಸ್ತಿ ಮಕ್ಕಳು ಹೊಸದಾಗಿ ಶಾಲೆಗೆ ಬಂದರು. ಮರುವರ್ಷ ಎಲ್ಡೊರೆಟ್‌ನಲ್ಲಿ ಮರುಗೆ ಅಜ್ಜ 84ನೇ ವಯಸ್ಸಿಗೆ ಸಮವಸ್ತ್ರ ಹಾಕಿಕೊಂಡು ಒಂದನೇ ಕ್ಲಾಸಿಗೆ ಸೇರಿದರು. ಸತ್ಯವೇದವನ್ನು ತಾವೇ ಓದಬೇಕು ಅನ್ನೋದು ಅವರ ಆಸೆ. ಕತೆ ಮುಗಿಸಿ, "ಇಂಥ ಬಾಗಿಲು ತೆರೆದವರಿಗಾಗಿ ದೇವರಿಗೆ ಸ್ತೋತ್ರ ಹೇಳೋಣ" ಅಂದೆ.

ಬಲಗಡೆಯ ಬೆಂಚುಗಳಿಂದ ಜೋರಾಗಿ ಆಮೆನ್ ಬಂತು. ಎಡಗಡೆ, ಕ್ವಾಯರ್ ಕೂತ ಕಡೆಯಿಂದ ಬರಲಿಲ್ಲ. ಮುಂದಿನ ಹಾಡಿಗೆ ಪುಟ ತಿರುವುತ್ತಿರಬೇಕು ಅಂದುಕೊಂಡೆ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಮೇಲ್ನೋಟಕ್ಕೆ ಇದರಲ್ಲಿ ತಪ್ಪೇ ಕಾಣುವುದಿಲ್ಲ. ನಾನು ಹೇಳಿದ್ದೆಲ್ಲ ನಿಜ. ಅಭ್ಯರ್ಥಿಯ ಹೆಸರು ಎತ್ತಲಿಲ್ಲ. ಆದರೆ ಮರುಗೆ ಕಿಕುಯು. ಫೀಸು ತೆಗೆದದ್ದು ಕಿಬಾಕಿ ಸರ್ಕಾರ. ಮತದಾನಕ್ಕೆ ಉಳಿದದ್ದು ಹನ್ನೊಂದು ದಿನ. ಇದೇ ಕತೆಯನ್ನು ಜೂನ್‌ನಲ್ಲಿ ಹೇಳಿದ್ದರೆ ಅದು ಶಾಲೆಯ ಕತೆಯಾಗುತ್ತಿತ್ತು. ಡಿಸೆಂಬರ್‌ನಲ್ಲಿ ಪ್ರಸಂಗ ಪೀಠದಿಂದ ಹೇಳಿದ್ದಕ್ಕೆ ಪ್ರಚಾರವಾಯಿತು. ಫೀಸು ತೆಗೆದದ್ದನ್ನು ಒಡಿಂಗಾ ಕಡೆಯವರೂ ಬೇಡ ಅನ್ನುತ್ತಿರಲಿಲ್ಲ. "ಬಾಗಿಲು ತೆರೆದವರಿಗಾಗಿ" ಅಂತ ಯಾರಿಗೆ ಸ್ತೋತ್ರ ಹೇಳಿಸಿದೆ ಅನ್ನುವುದೇ ಪ್ರಶ್ನೆ.

ಇನ್ನೂ ಒಂದಿದೆ, ನನಗೆ ಇದು ಹೊಳೆದದ್ದು ಬಹಳ ತಡವಾಗಿ. ಆ ಒಂದು ಮಾತಿಗೆ ಮೊದಲೇ ನನ್ನ ದಿನನಿತ್ಯದ ಬದುಕು ಎಲ್ಲ ಹೇಳಿಬಿಟ್ಟಿತ್ತು. ನಮ್ಮ ಮನೆ ಮಾಲೀಕರು ಕಿಕುಯು. ಪೇಟೆಗೆ ಕರೆದೊಯ್ಯುವ ಡ್ರೈವರ್ ಕಿಕುಯು. ಹಾಲು ಬರುತ್ತಿದ್ದದ್ದು ಕಿಕುಯು ಮನೆಯಿಂದ. ಸ್ವಾಹಿಲಿ ಬಿಟ್ಟು ನಾನು ಕಲಿತ ನಾಲ್ಕು ಮಾತೂ ಕಿಕುಯು ಭಾಷೆಯವು. ಬೇಕಂತ ಮಾಡಿದ್ದಲ್ಲ, ಅಕ್ಕಪಕ್ಕ ಇದ್ದವರೇ ಅವರು. ಆದರೆ ದೂರದಿಂದ ನೋಡುವವರಿಗೆ ಅದು ಹಾಗೆ ಕಾಣಬೇಕಲ್ಲ? ಸಾಲದ್ದಕ್ಕೆ ನಾನು "ಮುಹಿಂದಿ", ಇಂಡಿಯಾದವನು. ನಾನು ಮೇಷ್ಟ್ರಾದರೂ ಅಲ್ಲಿನವರ ಕಣ್ಣಿಗೆ ಅಂಗಡಿ ಇಟ್ಟವರ ಜನ. ಅಂಗಡಿಯವರು ಯಾವಾಗಲೂ ಸರ್ಕಾರದ ಕಡೆ ಅನ್ನೋದು ಅಲ್ಲಿ ಹಲವರ ನಂಬಿಕೆ.

ಕ್ವಾಯರ್ ನಡೆಸುತ್ತಿದ್ದವರು ಲುಓ. ಪ್ರತಿ ಗುರುವಾರ ಪ್ರಾಕ್ಟೀಸ್ ಮುಗಿಸಿ ನಮ್ಮ ಮನೆಗೆ ಚಹಾಕ್ಕೆ ಬರುತ್ತಿದ್ದರು. ಆ ಪ್ರಸಂಗದ ನಂತರದ ಗುರುವಾರ ಬಾಗಿಲಲ್ಲೇ ಕೈಕುಲುಕಿ, "ಇವತ್ತು ಚಹಾ ಬೇಡ, ಮ್ವಾಲಿಮು" ಅಂತ ನಗುತ್ತಲೇ ಹೋದರು. ಕ್ರಿಸ್ಮಸ್ ಗಡಿಬಿಡಿ ಇರಬೇಕು ಅಂದುಕೊಂಡೆ. ಅವರು ಅವತ್ತು ನನ್ನ ಜೊತೆ ಜಗಳವಾಡಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಂತ ಈಗಲೂ ಅನಿಸುತ್ತದೆ.

ಡಿಸೆಂಬರ್ 30ರ ಸಂಜೆ ಕಿಬಾಕಿ ಗೆದ್ದರು ಅಂತ ಘೋಷಣೆಯಾಯಿತು, ಅದೇ ಸಂಜೆ ಪ್ರಮಾಣವಚನವೂ ಮುಗಿಯಿತು. ಎಣಿಕೆಯಲ್ಲಿ ಮೋಸ ಅಂತ ದೇಶವೇ ಹೊತ್ತಿಕೊಂಡಿತು. ಜನವರಿ 1ರಂದು ಎಲ್ಡೊರೆಟ್ ಹತ್ತಿರ ಕಿಯಾಂಬಾದಲ್ಲಿ ಕಿಕುಯು ಜನ ಅಡಗಿದ್ದ ಚರ್ಚಿಗೆ ಬೆಂಕಿ ಇಟ್ಟರು. ಒಳಗಿದ್ದವರಲ್ಲಿ ಹೆಂಗಸರು, ಮಕ್ಕಳೇ ಜಾಸ್ತಿ. ಜನವರಿ ಕೊನೆಯ ವಾರ ನಕೂರಿನ ಸರದಿ. ಇಲ್ಲಿ ಲುಓ ಮನೆಗಳೂ ಉರಿದವು. ಎಲ್ಲ ನಿಲ್ಲುವ ಹೊತ್ತಿಗೆ ದೇಶದಲ್ಲಿ 1,100ಕ್ಕೂ ಹೆಚ್ಚು ಜನ ಸತ್ತಿದ್ದರು, ಸುಮಾರು 6 ಲಕ್ಷ ಜನ ಮನೆ ಬಿಟ್ಟಿದ್ದರು. ನಾನು ಕತೆ ಹೇಳಿದ್ದ ಆ ಮರುಗೆ ಅಜ್ಜನೂ ನಿರಾಶ್ರಿತರ ಶಿಬಿರ ಸೇರಿದ್ದರು.

ನಮ್ಮ ಕಾಂಪೌಂಡ್ ಸುರಕ್ಷಿತವಾಗಿತ್ತು. ಮೂವತ್ತಕ್ಕೂ ಹೆಚ್ಚು ಜನ ಶಾಲೆಯ ಕೋಣೆಗಳಲ್ಲಿ ಮಲಗುತ್ತಿದ್ದರು. ಮೂರನೇ ದಿನ ಹೊದಿಕೆ ಕೊಡಲು ಅಫ್ರಾಹಾ ಸ್ಟೇಡಿಯಂಗೆ ಹೋದೆ. ಅಲ್ಲಿ ಸಿಮೆಂಟಿನ ಮೆಟ್ಟಿಲ ಮೇಲೆ ಆ ಕ್ವಾಯರ್‌ನವರು, ಅವರ ಹೆಂಡತಿ, ಮೂರು ತಿಂಗಳ ಮಗು. ಮಗುವನ್ನು ಕ್ವಾಯರ್‌ನ ಮೆರೂನ್ ನಿಲುವಂಗಿಯಲ್ಲಿ ಸುತ್ತಿದ್ದರು. ಅದರ ಒಂದು ತೋಳು ಸುಟ್ಟಿತ್ತು. ಅವರ ಮನೆಯಿಂದ ಸ್ಟೇಡಿಯಂಗೆ ಬರುವ ದಾರಿ ನಮ್ಮ ಗೇಟಿನ ಮುಂದೆಯೇ ಹಾದುಹೋಗುತ್ತದೆ. "ಯಾಕೆ ಒಳಗೆ ಬರಲಿಲ್ಲ?" ಅಂತ ಕೇಳಿಬಿಟ್ಟೆ. ಅವರು ನನ್ನ ಮುಖ ನೋಡದೆ, "ಅದು ಅವರ ಕಡೆಯ ಮನೆ ಅಂದುಕೊಂಡೆವು, ಮ್ವಾಲಿಮು" ಅಂದರು. ಆಮೇಲೆ "ಪೋಲೆ" ಅಂದರು. ನೊಂದವರಿಗೆ ಹೇಳುವ ಮಾತು ಅದು. ಮನೆ ಕಳೆದುಕೊಂಡವರು ನನಗೆ ಹೇಳಿದರು.

ಎರಡು ದಿನದಲ್ಲಿ ಅವರು ಲಾರಿ ಹತ್ತಿ, ಲುಓ ಜನ ಹೆಚ್ಚಿರುವ ಕಿಸುಮು ಕಡೆ ಹೋದರು. ಮತ್ತೆ ಬರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ವಾದ ತಪ್ಪಿಸಿಕೊಳ್ಳುವ ಉಪಾಯ ಕಲಿತರೆ ಜನ ನಿಮ್ಮ ಹತ್ತಿರ ಮನಸ್ಸು ಬಿಚ್ಚುವುದನ್ನೇ ನಿಲ್ಲಿಸುತ್ತಾರೆ. ಪರದೇಶದವರ ಹತ್ತಿರ ಒಬ್ಬರು ಚುನಾವಣೆಯ ಸಿಟ್ಟು ತೋಡಿಕೊಂಡರೆ ಅದು ನಂಬಿಕೆ. "ಕೈಸರನದನ್ನು ಕೈಸರನಿಗೆ ಕೊಡಿರಿ" ಅಂತ ವಚನ ಹೇಳಿ ಜಾರಿಕೊಳ್ಳಬೇಡಿ. "ನನಗಿಲ್ಲಿ ಓಟಿಲ್ಲ, ನಿಮ್ಮ ಮನೆಯಲ್ಲಿ ಏನು ಮಾತಾಡ್ತಾರೆ ಹೇಳಿ" ಅನ್ನಿ, ಆಮೇಲೆ ಸುಮ್ನೆ ಕೂತು ಕೇಳಿ. ನಡುವೆ "ನಮ್ಮ ಇಂಡಿಯಾದಲ್ಲೂ ಹೀಗೇ" ಅಂತ ಬಾಯಿ ಹಾಕಬೇಡಿ.

ಪೀಠದ ಮೇಲೆ ಮಾತ್ರ ನನ್ನದು ಕಟ್ಟುನಿಟ್ಟು. ಚುನಾವಣೆಯ ವರ್ಷ ಸರ್ಕಾರದ ಯಾವ ಕೆಲಸವನ್ನೂ ಅಲ್ಲಿಂದ ಹೊಗಳಬೇಡಿ, ತೆಗಳಲೂಬೇಡಿ. ಇದು ಹೊರಗಿನವರು ಮಾತ್ರ ಮಾಡುವ ತಪ್ಪೂ ಅಲ್ಲ. ಕೀನ್ಯಾದ ಚರ್ಚುಗಳ ರಾಷ್ಟ್ರೀಯ ಮಂಡಳಿಯೇ 2008ರಲ್ಲಿ, ಸಭಾ ನಾಯಕರು ಪಕ್ಷ ವಹಿಸಿದ್ದರು ಅಂತ ಬಹಿರಂಗವಾಗಿ ಒಪ್ಪಿಕೊಂಡಿತು. ನಿಮ್ಮ ಪರ್ಮಿಟ್ ರದ್ದಾಗಬಹುದು ಅನ್ನೋದೂ ನಿಜ, ಆದರೆ ನನಗೆ ಅದು ಎರಡನೇ ಮಾತು.

ಬಾಯಿಗಿಂತ ಹೆಚ್ಚು ಕಾಲಿನ ಕಡೆ ಗಮನ ಕೊಡಿ, ಯಾರ ಮನೆಗೆ ಹೋಗುತ್ತೀರಿ ಅನ್ನುವುದರ ಕಡೆ. ನಮ್ಮ ಬಾಸೆಲ್ ಮಿಷನ್ ಕತೆಯೇ ನೋಡಿ. 1834ರಲ್ಲಿ ಮಂಗಳೂರಿಗೆ ಬಂದು ಶಾಲೆ, ಅಚ್ಚುಕೂಟ, ಹೆಂಚಿನ ಕಾರ್ಖಾನೆ ಕಟ್ಟಿದರು. ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಿ, ಆದರೆ ಮಿಷನರಿಗಳಲ್ಲಿ ಜರ್ಮನರು ಜಾಸ್ತಿ. 1914ರಲ್ಲಿ ಯುದ್ಧ ಶುರುವಾದ ಮೇಲೆ ಬ್ರಿಟಿಷರು ಅವರನ್ನು ಕ್ಯಾಂಪಿನಲ್ಲಿಟ್ಟು ಆಮೇಲೆ ಊರಿಗೆ ಕಳಿಸಿದರು. ಹೆಂಚಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಬ್ರಿಟಿಷ್ ಸಂಸ್ಥೆಯ ಪಾಲಾದವು. ಅವರು ಇಲ್ಲಿ ಯಾರ ಜೊತೆ ಏನು ಮಾತಾಡಿದ್ದರು ಅಂತ ಯಾರೂ ಕೇಳಲಿಲ್ಲ. ಯಾವ ದೇಶದವರು ಅನ್ನುವುದೇ ಸಾಕಾಯಿತು. ನೀವು ವಿಮಾನ ಇಳಿದ ದಿನವೇ ನಿಮ್ಮ ಬಗ್ಗೆ ಅಲ್ಲಿ ಒಂದು ಲೆಕ್ಕ ಶುರುವಾಗಿರುತ್ತದೆ.

2008ರ ನಂತರ ನಾವು ಹಾಲು, ತರಕಾರಿ, ಡ್ರೈವರ್ ಎಲ್ಲವನ್ನೂ ಬೇರೆ ಬೇರೆ ಮನೆಗಳಿಗೆ ಹಂಚಿದೆವು. ಲುಓ ಭಾಷೆಯಲ್ಲೂ ಕಲೆಂಜಿನ್ ಭಾಷೆಯಲ್ಲೂ ನಮಸ್ಕಾರ ಹೇಳಲು ಕಲಿತೆವು. 2013ರ ಮಾರ್ಚ್ 4ರ ಚುನಾವಣೆಗೆ ಎರಡು ತಿಂಗಳು ಮೊದಲೇ ಗೇಟಿನ ಕೀ ಮೂರು ಮಾಡಿಸಿ, ಮೂರು ಜನಾಂಗದ ಮೂರು ಮನೆಗೆ ಕೊಟ್ಟೆವು. ಹೆದರಿಕೆ ಆದರೆ ನಮ್ಮನ್ನು ಕೇಳಬೇಡಿ, ತೆಗೆದು ಬಂದುಬಿಡಿ ಅಂದೆವು. ಆ ಸಲ ನಕೂರಿನಲ್ಲಿ ನಮ್ಮ ಕಡೆ ಏನೂ ಆಗಲಿಲ್ಲ, ಆದರೂ ಫಲಿತಾಂಶದ ಹಿಂದಿನ ರಾತ್ರಿ ಹದಿನಾಲ್ಕು ಜನ ಬಂದು ಶಾಲೆಯ ಹಾಲ್‌ನಲ್ಲಿ ಮಲಗಿದರು. ಗೋವಿನಜೋಳದ ಹಿಟ್ಟಿನ ಉಗಾಲಿ ಒಂದೇ ಪಾತ್ರೆಯಲ್ಲಿ ಬೆಂದಿತು. ರೇಡಿಯೋದಲ್ಲಿ ಎಣಿಕೆ ಬರುತ್ತಿತ್ತು. ಒಬ್ಬರು ನನ್ನ ಕಡೆ ತಿರುಗಿ, "ಮ್ವಾಲಿಮು, ನಿಮ್ಮ ಪ್ರಕಾರ ಯಾರು ಗೆಲ್ಲಬೇಕು?" ಅಂದರು. "ನೀವು ಹೇಳಿ" ಅಂದೆ. ಹೇಳಲು ಶುರು ಮಾಡಿದರು, ಇನ್ನೊಬ್ಬರು ಅಡ್ಡ ಬಾಯಿ ಹಾಕಿದರು, ದನಿ ಏರಿತು. ನನ್ನ ಹೆಂಡತಿ ಎದ್ದು ಮತ್ತೆ ಚಹಾಕ್ಕೆ ಇಟ್ಟಳು. ಬೆಳಗಿನ ಜಾವದವರೆಗೂ ವಾದ ನಡೆಯಿತು. ನಾನು ಕೂತು ಕೇಳಿದೆ.