ಬ್ಯಾಗ್ ತೆಗಿ ಅಂದದ್ದು ಇವನೊಬ್ಬನಿಗೇ

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಸಮುದಾಯದ ಹೆಸರನ್ನು ಬೇಕೆಂದೇ ಬರೆದಿಲ್ಲ.)

ದಾವಣಗೆರೆಯ ಹುಡುಗ. ವಯಸ್ಸು 16, ಪ್ರಥಮ ಪಿಯುಸಿ. ತಂದೆಯದು ಗಾರೆ ಕೆಲಸ, ತಾಯಿ ಮಂಡಕ್ಕಿ ಭಟ್ಟಿಯಲ್ಲಿ ಕೂಲಿ. ಸಲಹೆಗೆಂದು ನನ್ನ ಬಳಿ ಕರೆತಂದದ್ದು ತಾಯಿ. ಕಾಲೇಜು ಬಿಟ್ಟಿದ್ದಾನೆ, ತಲೆಯ ಎರಡೂ ಬದಿ ಬೋಳಿಸಿ ಮೇಲಿನ ಕೂದಲಿಗೆ ಬಣ್ಣ ಹಾಕಿಸಿದ್ದಾನೆ, ರಾತ್ರಿ ವೀಲಿಂಗ್ ಮಾಡುವ ಹುಡುಗರ ಜೊತೆ ತಿರುಗುತ್ತಾನೆ. ನಿಲ್ಲಿಸಿದ್ದ ಬೈಕಿನಿಂದ ಪೆಟ್ರೋಲ್ ಕದ್ದು ಸಿಕ್ಕಿಬಿದ್ದಿದ್ದ. ಠಾಣೆಯಲ್ಲಿ ಬೈದು ಕಳಿಸಿದ್ದರು. “ಅವರಪ್ಪ ಹೊಡೆದ್ರೂ ಕೇಳಂಗಿಲ್ಲ ಮೇಡಂ” ಅಂದರು ತಾಯಿ.

ಹುಡುಗ ಮೊದಲು ಬಾಯಿಬಿಡಲಿಲ್ಲ. ಕೂದಲಿಗೆ ಎಷ್ಟು ಖರ್ಚಾಯ್ತು ಅಂತ ಕೇಳಿದ ಮೇಲೆ ಮಾತಿಗೆ ಬಂದ. ತರಗತಿಯಲ್ಲಿ ಯಾರದೋ ಮೊಬೈಲ್ ಕಾಣೆಯಾಗಿತ್ತು. ಬ್ಯಾಗ್ ಸುರಿಸಿ ನೋಡಿದ್ದು ಇವನೊಬ್ಬನದೇ. “ಇವರ ಮಂದಿ ಬುದ್ಧಿ ಗೊತ್ತಲ್ಲ” ಅಂದಿದ್ದರಂತೆ ಒಬ್ಬ ಮೇಷ್ಟ್ರು. ಮೊಬೈಲ್ ಆಮೇಲೆ ಕಳೆದುಕೊಂಡವನ ಮನೆಯಲ್ಲೇ ಸಿಕ್ಕಿತು. ಇವನಿಗೆ ಯಾರೂ ಏನೂ ಹೇಳಲಿಲ್ಲ. “ಕಳ್ಳ ಅಂತ ಮೊದ್ಲೇ ಅಂದಾರಲ್ಲ. ಇನ್ನೇನೈತಿ?”

ಅವನ ಅಜ್ಜಿಯ ತಂದೆ ಹುಬ್ಬಳ್ಳಿಯ ಸೆಟ್ಲಮೆಂಟಿನಲ್ಲಿ, ಅಂದರೆ ‘ಅಪರಾಧಿ’ ಎಂದು ಪಟ್ಟಿಯಾದ ಸಮುದಾಯಗಳನ್ನು ಕಾವಲಿನಲ್ಲಿಟ್ಟಿದ್ದ ವಸತಿಯಲ್ಲಿ, ಹಾಜರಿ ಹಾಕಿ ಬದುಕಿದವರು. 1871ರಲ್ಲಿ ಬ್ರಿಟಿಷರು ತಂದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಗೆ ಸೇರಿಸಿತು. ಅದು ರದ್ದಾಗಿದ್ದು 1952ರಲ್ಲಿ. ಪಟ್ಟಿ ಹೋಯಿತು, ಸ್ಟಾಫ್ ರೂಮಿನ ಮಾತು ಹೋಗಿಲ್ಲ.

ತಪ್ಪುದಾರಿ ಹುಟ್ಟಿನಿಂದ ಬರುತ್ತದೆಯೋ ಸುತ್ತಲಿನಿಂದಲೋ ಎಂಬುದು ಸಮಾಜಶಾಸ್ತ್ರದಲ್ಲಿ ಹಳೆಯ ಚರ್ಚೆ. ಷಿಕಾಗೊದ ಬಡ ಬಡಾವಣೆಗಳಲ್ಲಿ ಜರ್ಮನ್, ಐರಿಷ್, ಇಟಾಲಿಯನ್, ಪೋಲಿಷ್ ಜನ ಒಬ್ಬರಾದ ಮೇಲೊಬ್ಬರು ಬಂದು ಹೋದರೂ ಬಾಲಾಪರಾಧದ ಪ್ರಮಾಣ ಹೆಚ್ಚುಕಡಿಮೆ ಹಾಗೇ ಉಳಿದಿತ್ತು ಎಂದು ಶಾ ಮತ್ತು ಮೆಕೇ 1942ರಲ್ಲಿ ತೋರಿಸಿದರು. ದೋಷ ರಕ್ತದಲ್ಲಿದ್ದರೆ ಜನರ ಜೊತೆ ಅದೂ ಊರುಬಿಡಬೇಕಿತ್ತಲ್ಲ. ಶಾಲೆಯಲ್ಲಿ ಮರ್ಯಾದೆ ಸಿಗದ ಹುಡುಗರು ತಮ್ಮದೇ ಗುಂಪು ಕಟ್ಟಿ, ಶಾಲೆ ಬೇಡವೆನ್ನುವುದನ್ನೇ ಹೆಚ್ಚುಗಾರಿಕೆ ಮಾಡಿಕೊಳ್ಳುತ್ತಾರೆ ಅಂದವರು ಆಲ್ಬರ್ಟ್ ಕೋಹೆನ್ (1955). ಹೊವರ್ಡ್ ಬೆಕರ್ (1963) ‘ಇವನು ಕೆಟ್ಟವನು’ ಎಂದು ಹಣೆಪಟ್ಟಿ ಹಚ್ಚುವವರ ಕಡೆಗೇ ಬೊಟ್ಟು ಮಾಡಿದರು.

ಆದರೆ ಬೆಕರ್ ಒಬ್ಬರನ್ನೇ ನೆಚ್ಚಿದರೆ ಹುಡುಗನನ್ನು ಕೈಬಿಟ್ಟಂತೆ. ಪೆಟ್ರೋಲ್ ಕದ್ದದ್ದು ಹಣೆಪಟ್ಟಿಯಲ್ಲ, ಇವನು. “ಅವರಿಗೇನ್ ಕಮ್ಮಿ, ಲೀಟರ್ ಹೋದ್ರೆ ಏನಾತು” ಅಂದ. ಕಳೆದುಕೊಂಡವನಿಗೆ ನಷ್ಟವೇ ಇಲ್ಲವೆಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುವ ಈ ದಾರಿಯನ್ನು ಸೈಕ್ಸ್ ಮತ್ತು ಮಾಟ್ಜಾ 1957ರಲ್ಲೇ ಗುರುತಿಸಿದ್ದರು. ಆ ಬೈಕು ಬೆಳಗಿನ ಜಾವ ಹಾಲು ಹಾಕುವವರದು ಅಂತ ಗೊತ್ತಾದಾಗ ತಲೆ ತಗ್ಗಿಸಿದ.

ಅವನಿಗೆ ಹೇಳಿದ್ದು: ಪೆಟ್ರೋಲಿನ ದುಡ್ಡು ನೀನೇ ಹೋಗಿ ಕೊಡು, ಅಮ್ಮನ ಕೈಲಿ ಕಳಿಸಬೇಡ. ಗೆಳೆಯರನ್ನು ಬಿಡು ಅಂತ ಹೇಳಲಿಲ್ಲ. ಬಿಟ್ಟು ಹೋಗಲು ಅವನಿಗೆ ಬೇರೆ ಜಾಗ ಎಲ್ಲಿತ್ತು? ಬೈಕ್ ಮಾತ್ರ ಮುಟ್ಟುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೆ ಇಲ್ಲವೇ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಲೈಸೆನ್ಸ್ ಮಾತು ಅವನಿಗೆ ನಾಟಿತು. ಲಾರಿ ಓಡಿಸುವ ಆಸೆಯಂತೆ.

ತಂದೆಗೆ: ಹೊಡೆಯಬೇಡಿ, ಕೂದಲನ್ನು ಬಲವಂತವಾಗಿ ಕತ್ತರಿಸಬೇಡಿ. ಇಬ್ಬರೂ ಒಟ್ಟಿಗೆ ಕಾಲೇಜಿಗೆ ಹೋಗಿ.

ಕಾಲೇಜಿಗೆ ನಾನೂ ಹೋದೆ. ಕಾನೂನಿನೊಡನೆ ಸಂಘರ್ಷಕ್ಕೆ ಬಂದ ಮಗುವಿನ ವಿಷಯದಲ್ಲೂ ಕಳಂಕ ಹಚ್ಚುವ ಮಾತು ಕೂಡದು ಅನ್ನುತ್ತದೆ 2015ರ ಬಾಲನ್ಯಾಯ ಕಾಯ್ದೆ; ಇವನು ಆ ಮೊಬೈಲ್ ಮುಟ್ಟಿಯೂ ಇರಲಿಲ್ಲ ಅಂದೆ. ಬ್ಯಾಗ್ ನೋಡುವುದಾದರೆ ಎಲ್ಲರದೂ ನೋಡಿ, ಇಲ್ಲದಿದ್ದರೆ ಯಾರದೂ ಬೇಡ. ತರಗತಿಯ ಎದುರು ಆಡಿದ ಮಾತನ್ನು ತರಗತಿಯ ಎದುರೇ ವಾಪಸ್ ತೆಗೆದುಕೊಳ್ಳಿ ಎಂದು ಕೇಳಿದೆ. ಪ್ರಾಂಶುಪಾಲರು ಒಪ್ಪಿದರು. ಆ ಮೇಷ್ಟ್ರು ಒಪ್ಪಲಿಲ್ಲ, ಕೊನೆಗೆ ಪ್ರಾಂಶುಪಾಲರೇ ತರಗತಿಗೆ ಹೋಗಿ ಹೇಳಿದರು.

ಹುಡುಗ ಈಗ ಕಾಲೇಜಿಗೆ ಹೋಗುತ್ತಿದ್ದಾನೆ, ದಿನಾ ಅಲ್ಲ. ಹಾಲಿನವರ ಬಾಕಿ ತೀರಿದೆ. ಗುಂಪಿನ ಇನ್ನೊಬ್ಬನನ್ನು ಕರೆದುಕೊಂಡು ಬರಲೇ ಅಂತ ಮೊನ್ನೆ ಕೇಳಿದ್ದಾನೆ.